ಜವಾರಿ ಗೋಧಿಯ ವೈವಿಧ್ಯ ಅಳೆಯುವುದು ಹೇಗೆ: ಹೊಲದ ತೆನೆಯಿಂದ ತಾಯಿ-ತಂದೆ ಗಿಡದ ಆಯ್ಕೆವರೆಗೆ

ಹುಗ್ಗಿಗೆ ಗೋಧಿ ಬೇಕು ಅಂತ ಬಾಗಲಕೋಟೆ ಕಡೆ ಕೇಳಿದರೆ ಒಬ್ಬರು ಸದಕ ಎನ್ನುತ್ತಾರೆ, ಇನ್ನೊಬ್ಬರು ಜವೆ ಗೋಧಿ ಎನ್ನುತ್ತಾರೆ. ಗಡಿ ದಾಟಿ ಸಾಂಗ್ಲಿಗೆ ಹೋದರೆ ಅದೇ ಖಪ್ಲಿ. ಹೆಸರು ಮೂರು, ಜಾತಿ ಒಂದೇ. ಉಲ್ಟಾನೂ ಉಂಟು. ‘ಜವಾರಿ ಗೋಧಿ’ ಎಂದು ಕೊಟ್ಟ ಒಂದೇ ಚೀಲದೊಳಗೆ ಎರಡು ಜಾತಿ, ಏಳೆಂಟು ಬಗೆ ಸೇರಿಕೊಂಡಿರುತ್ತವೆ.

ತಳಿ ಅಭಿವೃದ್ಧಿಗೆ ಇಳಿದವರು ಮೊದಲು ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ. ಮೊದಲ ವರ್ಷ ಊರೂರು ತಿರುಗಿ ರಾಶಿ ಮಾಡಿದ ಕಾಳನ್ನೇ ತಂದೆ. ಒಂದೂರಿಗೆ ಒಂದು ಚೀಟಿ ಹಚ್ಚಿ ಬಿತ್ತಿದೆ. ಜನವರಿಯಲ್ಲಿ ನೋಡಿದರೆ ಒಂದೇ ಸಾಲಿನಲ್ಲಿ ಮೊಣಕಾಲೆತ್ತರದ ಗಿಡ, ಎದೆಯೆತ್ತರದ ಗಿಡ, ಕೆಂಪು ತೆನೆ, ಬಿಳಿ ತೆನೆ. ಯಾವುದರ ಎತ್ತರ ಅಳೆಯುವುದು? ಒಂದು ಹಂಗಾಮು ಹಾಗೇ ಹೋಯಿತು. ಅಂದಿನಿಂದ ಚೀಲದ ಹೆಸರು ಬಿಟ್ಟು ತೆನೆ ನೋಡುವ ರೂಢಿ ಮಾಡಿಕೊಂಡೆ. ಈ ಮಾರ್ಗದರ್ಶಿ ಹುಟ್ಟಿದ್ದು ಆ ರೂಢಿಯಿಂದ. ಕೃಷಿ ವಿದ್ಯಾರ್ಥಿಗಳಿಗೆ, ಬೀಜ ಉಳಿಸುವ ರೈತ ಗುಂಪುಗಳಿಗೆ ಇದು ಉಪಯೋಗವಾಗಬಹುದು. ಪ್ರಯೋಗಾಲಯ ಇಲ್ಲದವರೂ ಮುಕ್ಕಾಲು ದಾರಿ ನಡೆಯಬಹುದು.

ಈ ಹಳೆ ಗೋಧಿಯಲ್ಲಿ ಏನಿದೆ?

ಒಂದು ಉದಾಹರಣೆ ಸಾಕು. ಕಾಂಡ ತುಕ್ಕು ರೋಗದ ಶಿಲೀಂಧ್ರದಲ್ಲಿ ಎಷ್ಟು ಬಗೆ ಇವೆ ಎಂದು ಗುರುತಿಸಲು ಅಮೆರಿಕದ ಸ್ಟಾಕ್‌ಮನ್ ಮತ್ತು ಅವರ ಜೊತೆಗಾರರು 1920ರ ಸುಮಾರಿಗೆ 12 ಗೋಧಿಗಳ ಒಂದು ಗುಂಪು ಮಾಡಿಕೊಂಡರು. ಅದರಲ್ಲಿ ನಮ್ಮ ಖಪ್ಲಿಯೂ ಒಂದು. ಹೆಚ್ಚಿನ ಬಗೆಗಳಿಗೆ ಅದು ಜಗ್ಗಲಿಲ್ಲ. ಮುಂದೆ ಖಪ್ಲಿಯಿಂದ ಎಸ್ಆರ್13, ಎಸ್ಆರ್14 ಎಂಬ ತುಕ್ಕು ನಿರೋಧಕ ಜೀನ್‌ಗಳನ್ನು ಗುರುತಿಸಿದರು. ಬೂದಿ ರೋಗ ತಡೆಯುವ ಪಿಎಂ4ಎ ಕೂಡ ಇಲ್ಲಿಂದಲೇ ಹೋದದ್ದು. 1990ರ ದಶಕದ ಕೊನೆಗೆ ಉಗಾಂಡಾದಲ್ಲಿ ಯುಜಿ99 ಎಂಬ ಹೊಸ ಕಾಂಡ ತುಕ್ಕು ಕಾಣಿಸಿಕೊಂಡಿತು. ಅದನ್ನು ತಡೆಯುವ ಜೀನ್‌ಗಳ ಪಟ್ಟಿಯಲ್ಲಿ ಎಸ್ಆರ್13 ಕೂಡ ಇತ್ತು. ಹುಗ್ಗಿಗೆ ಮಾತ್ರ ಲಾಯಕ್ಕು ಅಂದುಕೊಂಡ ಗೋಧಿ!

ಇನ್ನೊಂದು ಲೆಕ್ಕ ಇಂಗ್ಲೆಂಡಿನದು. ವಾಟ್ಕಿನ್ಸ್ ಎಂಬ ವಿಜ್ಞಾನಿ 1920-30ರ ದಶಕಗಳಲ್ಲಿ 32 ದೇಶಗಳಿಂದ ಹಳೆ ಗೋಧಿ ತರಿಸಿ ಇಟ್ಟಿದ್ದರು. ಉಳಿದುಕೊಂಡ 827 ಮಾದರಿಗಳ ಡಿಎನ್ಎಯನ್ನು ಈಗಿನ ವಿಜ್ಞಾನಿಗಳು ಓದಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಳೆ ಗೋಧಿಗಳು ಏಳು ಗುಂಪಾದವು. ಇಂದಿನ ತಳಿಗಳ ಬೇರು ಮುಖ್ಯವಾಗಿ ಅದರಲ್ಲಿ ಎರಡೇ ಗುಂಪಿಗೆ ಹೋಗುತ್ತದೆ. ಉಳಿದ ಐದನ್ನು ಹೆಚ್ಚುಕಡಿಮೆ ಯಾರೂ ಮುಟ್ಟಿಯೇ ಇಲ್ಲ.

ಹಂತ 1: ಜಾತಿ ಗುರುತಿಸಿ

ಉತ್ತರ ಕರ್ನಾಟಕದ ಹೊಲಗಳಲ್ಲಿ ಮೂರು ಜಾತಿ ಗೋಧಿ ಸಿಗುತ್ತವೆ: ಚಪಾತಿ ಗೋಧಿ, ಡುರಮ್, ಮತ್ತು ಡೈಕೊಕಮ್ ಅಂದರೆ ಸದಕ. ಚಪಾತಿ ಗೋಧಿಗೆ 42 ವರ್ಣತಂತು. ಅದರಲ್ಲಿ ಎ, ಬಿ, ಡಿ ಎಂಬ ಮೂರು ಗುಂಪು. ಡುರಮ್‌ಗೂ ಸದಕಕ್ಕೂ 28, ಎ ಮತ್ತು ಬಿ ಮಾತ್ರ. ಈ ಸಂಖ್ಯೆ ನೆನಪಿರಲಿ, ಕೊನೆಗೆ ಕ್ರಾಸ್ ಮಾಡುವಾಗ ಇದೇ ಕಾಡುತ್ತದೆ.

ಗುರುತಿಸಲು ಸೂಕ್ಷ್ಮದರ್ಶಕ ಬೇಡ. ಮಾಗಿದ ತೆನೆಯನ್ನು ಅಂಗೈಯಲ್ಲಿಟ್ಟು ಉಜ್ಜಿ. ಕಾಳು ಬಿಡಿಬಿಡಿಯಾಗಿ ಉದುರಿದರೆ ಚಪಾತಿ ಗೋಧಿ ಅಥವಾ ಡುರಮ್. ಕಾಳು ಬರದೆ ತೆನೆಯೇ ತುಂಡು ತುಂಡಾಗಿ ಮುರಿದರೆ ಸದಕ. ಒಂದು ತುಂಡು ಬಿಡಿಸಿ ನೋಡಿ. ಗಟ್ಟಿ ಹೊಟ್ಟಿನೊಳಗೆ ಉದ್ದನೆಯ ಎರಡು ಕಾಳು ಎದುರುಬದುರಾಗಿ ಕೂತಿರುತ್ತವೆ. ಡೈಕೊಕಮ್ ಎಂಬ ಹೆಸರಿನ ಅರ್ಥವೂ ಅದೇ, ಎರಡು ಕಾಳಿನದು. ಮನೆಯಲ್ಲಿ ಇದನ್ನು ಕುಟ್ಟಿಯೇ ಹೊಟ್ಟು ಬಿಡಿಸಬೇಕಾದ್ದೂ ಇದಕ್ಕೇ.

ಡುರಮ್ ಮತ್ತು ಚಪಾತಿ ಗೋಧಿ ಬೇರ್ಪಡಿಸಲು ಕಾಳು ಕಚ್ಚಿ. ಡುರಮ್ ಗಾಜಿನಂತೆ ಒಡೆಯುತ್ತದೆ, ಒಳಗೆ ಹಳದಿ. ತೆನೆ ಒತ್ತಾಗಿರುತ್ತದೆ, ಮೀಸೆ ತೆನೆಗಿಂತ ಉದ್ದ. ತೆನೆಯ ಕೆಳಗಿನ ಕಾಂಡವನ್ನು ಅಡ್ಡ ಕತ್ತರಿಸಿದರೆ ಡುರಮ್‌ನಲ್ಲಿ ಬೆಂಡು ಸಾಮಾನ್ಯವಾಗಿ ದಪ್ಪ, ಚಪಾತಿ ಗೋಧಿಯಲ್ಲಿ ಹೆಚ್ಚಾಗಿ ಟೊಳ್ಳು.

ಹಂತ 2: ತೆನೆ ಆಯುವುದು

ಕೊಯ್ಲಿಗೆ ನಾಲ್ಕೈದು ದಿನ ಮುಂಚೆ ಹೊಲಕ್ಕೆ ಹೋಗಿ. ಹಿಂಗಾರಿನಲ್ಲಿ ಅಕ್ಟೋಬರ್-ನವೆಂಬರಿಗೆ ಬಿತ್ತಿದ್ದರೆ ಫೆಬ್ರವರಿ-ಮಾರ್ಚ್. ರಾಶಿಯಾದ ಮೇಲೆ ಹೋದರೆ ಯಾವ ಕಾಳು ಯಾವ ತೆನೆಯದು ಅಂತ ದೇವರಿಗೇ ಗೊತ್ತು.

ಒಂದು ಹೊಲದಿಂದ ಎಷ್ಟು ತೆನೆ? ಲೆಕ್ಕ ಹೀಗಿದೆ. ಹೊಲದಲ್ಲಿ ಶೇ. 5ರಷ್ಟು ಗಿಡಗಳಲ್ಲಿ ಮಾತ್ರ ಇರುವ ಒಂದು ಗುಣ ನಿಮ್ಮ ಕೈತಪ್ಪಬಾರದು ಅಂದುಕೊಳ್ಳಿ. ಒಂದು ತೆನೆ ಆಯ್ದಾಗ ಅದು ತಪ್ಪುವ ಸಾಧ್ಯತೆ 0.95. ಇದನ್ನು 59 ಸಲ ಗುಣಿಸಿದರೆ 0.05ಕ್ಕಿಂತ ಸ್ವಲ್ಪ ಕೆಳಗೆ ಬರುತ್ತದೆ. ಅಂದರೆ 59 ತೆನೆ ಆಯ್ದರೆ ಆ ಗುಣ ಸಿಗುವ ಸಾಧ್ಯತೆ ಶೇ. 95. ಗೋಧಿಯ ಹೂವು ಹೆಚ್ಚಾಗಿ ತನ್ನದೇ ಪರಾಗದಿಂದ ಕಾಳು ಕಟ್ಟುವುದರಿಂದ ಒಂದು ಗಿಡಕ್ಕೆ ಒಂದು ತೆನೆ ಸಾಕು. ನಾನು 60 ಎಂದು ಇಟ್ಟುಕೊಂಡಿದ್ದೇನೆ.

ಆಯುವಾಗ ಕಣ್ಣು ಚಂದದ ತೆನೆ ಕಡೆ ಓಡುತ್ತದೆ. ಹಾಗೆ ಓಡಲು ಬಿಡಬೇಡಿ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹತ್ತು ಹೆಜ್ಜೆಗೊಮ್ಮೆ ಕಾಲ ಬಳಿಯ ತೆನೆಯನ್ನೇ ಕೀಳಿ, ಸಣ್ಣದಿದ್ದರೂ ಸರಿ. ವಿಶೇಷ ಅನ್ನಿಸಿದ ತೆನೆ ಕಂಡರೆ ಅದು ಬೇರೆ ಚೀಲಕ್ಕೆ ಹೋಗಲಿ. ಕಾಗದದ ಚೀಲವೇ ಆಗಬೇಕು. ಪ್ಲಾಸ್ಟಿಕ್‌ನಲ್ಲಿ ಬೆವರಿ ಬೂಷ್ಟು ಹಿಡಿಯುತ್ತದೆ. ಚೀಟಿ ಪೆನ್ಸಿಲ್‌ನಲ್ಲಿ ಬರೆಯಿರಿ. ಒಮ್ಮೆ ಅಕಾಲ ಮಳೆಗೆ ನನ್ನ ಜೆಲ್ ಪೆನ್ನಿನ ಬರಹವೆಲ್ಲ ನೀಲಿ ನೀರಾಗಿ ಇಳಿದುಹೋಯಿತು.

ಚೀಟಿಯ ಜೊತೆ ಒಂದು ಪುಟ ಮಾಹಿತಿಯೂ ಬೇಕು: ಊರು, ಮೊಬೈಲಿನಲ್ಲಿ ಸಿಗುವ ಅಕ್ಷಾಂಶ-ರೇಖಾಂಶ, ಎರೆ ಭೂಮಿಯೋ ಮಸಾರಿಯೋ, ನೀರಾವರಿಯೋ ಒಣಬೇಸಾಯವೋ, ಬೀಜ ಎಷ್ಟು ವರ್ಷದಿಂದ ಮನೆಯಲ್ಲಿದೆ, ಯಾವ ಅಡುಗೆಗೆ ಬಳಸುತ್ತಾರೆ. ಈ ಕೊನೆಯ ಪ್ರಶ್ನೆಯನ್ನು ಮನೆಯ ಹೆಣ್ಣುಮಕ್ಕಳಿಗೆ ಕೇಳಿ. ಬೀಜ ತೆಗೆದಿಡುವವರು ಹೆಚ್ಚಾಗಿ ಅವರೇ. ಬೀಜ ಯಾವುದಕ್ಕೆ ಬಳಸುತ್ತೀರಿ ಎಂದು ಹೇಳಿ, ಒಪ್ಪಿಗೆ ಬರೆಸಿಕೊಳ್ಳಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ರೈತರೇ ತಮ್ಮ ತಳಿಯನ್ನು ನೋಂದಾಯಿಸಲು ಅವಕಾಶ ಇದೆ. ಅದನ್ನೂ ಅವರಿಗೆ ತಿಳಿಸುವುದು ನ್ಯಾಯ, ಅಲ್ವಾ?

ಹಂತ 3: ಒಂದು ತೆನೆಗೆ ಒಂದು ಸಾಲು

ಮರುವರ್ಷ ಪ್ರತಿ ತೆನೆಯ ಕಾಳನ್ನು ಬೇರೆ ಸಾಲಿನಲ್ಲಿ ಬಿತ್ತಿ. ಸಾಲಿನಿಂದ ಸಾಲಿಗೆ ಸುಮಾರು 23 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಸದಕವನ್ನು ಹೊಟ್ಟಿನ ಸಮೇತ ಹಾಕಿದರೆ ಒಂದೇ ಗುಣಿಯಲ್ಲಿ ಎರಡು ಗಿಡ ಎದ್ದು ತೆಂಡೆ ಎಣಿಸುವಾಗ ಎಡವಟ್ಟಾಗುತ್ತದೆ. ಅಳತೆಯ ಗಿಡಗಳಿಗೆ ಕೈಯಿಂದಲೇ ಹೊಟ್ಟು ಬಿಡಿಸಿದ ಕಾಳು ಹಾಕಿ. ಬೇಸರದ ಕೆಲಸ, ಸಂಜೆ ಹರಟೆ ಹೊಡೆಯುತ್ತಾ ಮಾಡಿ.

ಈ ವರ್ಷ ಅಳೆಯುವುದಕ್ಕಿಂತ ಶುದ್ಧ ಮಾಡುವುದೇ ಮುಖ್ಯ. ಸಾಲಿನೊಳಗೆ ಗಿಡಗಳು ಒಂದೇ ಥರ ಇದ್ದರೆ ಅದೊಂದು ಲೈನ್. ಒಡೆದು ಕಂಡರೆ ಮತ್ತೆ ತೆನೆ ಬೇರ್ಪಡಿಸಿ.

ಹಂತ 4: ಪ್ರಯೋಗದ ತಾಕು

ಕಾಳು ಕಡಿಮೆ, ಲೈನ್ ಜಾಸ್ತಿ. ಎಲ್ಲವನ್ನೂ ಮೂರು ಸಲ ಬಿತ್ತಲು ಆಗುವುದಿಲ್ಲ. ಇದಕ್ಕೆ 1956ರಲ್ಲಿ ಫೆಡರರ್ ಎಂಬ ಸಂಖ್ಯಾಶಾಸ್ತ್ರಜ್ಞ ಕೊಟ್ಟ ಆಗ್ಮೆಂಟೆಡ್ ವಿನ್ಯಾಸ ಅನುಕೂಲ. ಹೊಸ ಲೈನ್‌ಗಳು ಒಂದೊಂದೇ ಸಲ ಬರುತ್ತವೆ. ಗೊತ್ತಿರುವ ಕೆಲವು ತಳಿಗಳು ಮಾತ್ರ ಪ್ರತಿ ಬ್ಲಾಕ್‌ನಲ್ಲೂ ಬರುತ್ತವೆ. ಹೊಲದ ಒಂದು ಮೂಲೆ ಫಲವತ್ತಾಗಿದ್ದರೆ ಈ ತಳಿಗಳು ಅದನ್ನು ತೋರಿಸಿಕೊಡುತ್ತವೆ, ಆ ಪ್ರಕಾರ ಉಳಿದವನ್ನು ತಿದ್ದಬಹುದು.

120 ಲೈನ್, 4 ಹೋಲಿಕೆ ತಳಿ, 6 ಬ್ಲಾಕ್ ಎಂದಿಟ್ಟುಕೊಳ್ಳಿ. ಬ್ಲಾಕಿಗೆ 20 ಲೈನ್ ಮತ್ತು 4 ತಳಿ, ಒಟ್ಟು 24 ಸಾಲು. ಹೊಲದ ಆಕಸ್ಮಿಕ ವ್ಯತ್ಯಾಸವನ್ನು ಎಷ್ಟು ನಂಬಿಕೆಯಿಂದ ಅಳೆಯಬಹುದು ಎಂದು ಹೇಳುವ ದೋಷದ ಸ್ವಾತಂತ್ರ್ಯಾಂಕಕ್ಕೆ ಬ್ಲಾಕ್ ಮತ್ತು ತಳಿಗಳ ಸಂಖ್ಯೆಯಿಂದ ಒಂದೊಂದು ಕಳೆದು ಗುಣಿಸಿ: ಐದು ಗುಣಿಸು ಮೂರು, ಅಂದರೆ 15. ಇದು 12ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ.

ಹೋಲಿಕೆಗೆ ಸದಕದಲ್ಲಿ ಎತ್ತರದ ಹಳೆ ಎನ್‌ಪಿ 200, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಗಿಡ್ಡ ತಳಿಗಳಾದ ಡಿಡಿಕೆ 1025, ಡಿಡಿಕೆ 1029 ಇಟ್ಟುಕೊಳ್ಳಬಹುದು. ನೀಲಗಿರಿಯ ವೆಲ್ಲಿಂಗ್ಟನ್ ಕೇಂದ್ರದಿಂದ ಬಂದ ಎಚ್‌ಡಬ್ಲ್ಯು 1098 ಕೂಡ ಒಳ್ಳೆಯದು. ಅದು ಎನ್‌ಪಿ 201ಕ್ಕೆ ವಿಕಿರಣ ಹಾಯಿಸಿ ಪಡೆದ ಗಿಡ್ಡ ರೂಪ. ಡುರಮ್‌ಗೆ ಒಣಬೇಸಾಯದ ಹಳೆಯ ಬಿಜಗಾ ಎಲ್ಲೋ ಇರಲಿ.

ಹಂತ 5: ಯಾವುದನ್ನು, ಯಾವಾಗ ನೋಡುವುದು

ಇಲ್ಲಿ ನಿಧಾನ ಮಾಡಿ. ಗಿಡದ ವಯಸ್ಸು ದಿನಗಳಲ್ಲಿ ಬರೆದರೆ ಸಾಲದು, ಹಂತದಲ್ಲಿ ಬರೆಯಿರಿ. 1974ರಲ್ಲಿ ಬಂದ ಜಡೋಕ್ಸ್ ಮಾಪನ 0ಯಿಂದ 99ರವರೆಗೆ ಇದೆ. ಒಂದು ಲೈನ್ 55 ದಿನಕ್ಕೆ ತೆನೆ ಹಾಯಬಹುದು, ಇನ್ನೊಂದು 75ಕ್ಕೆ. ಒಂದೇ ದಿನ ಎರಡನ್ನೂ ನೋಡಿ ಬಣ್ಣ ಹೋಲಿಸಿದರೆ ಅರ್ಥವಿಲ್ಲ.

ಮೊಳಕೆಯಲ್ಲಿ: ಮಣ್ಣು ಸೀಳಿ ಬರುವ ಮೊದಲ ಪೊರೆ ಹಸಿರೋ ನೇರಳೆಯೋ. ತೆನೆ ಹಾಯುವ ಮುಂಚೆ: ಗಿಡ ನೆಟ್ಟಗೋ ಹರಡಿಯೋ. ತೆನೆ ಹಾಯುವಾಗ: ಕೊನೆಯ ಎಲೆ ನಿಂತಿದೆಯೋ ಜೋತಿದೆಯೋ, ಎಲೆ ಬುಡದ ಕಿವಿಯಂಥ ಭಾಗಕ್ಕೆ ಬಣ್ಣ ಇದೆಯೋ, ಎಲೆಕವಚ ಮತ್ತು ತೆನೆಯ ಮೇಲೆ ಬೂದಿಯಂಥ ಮೇಣ ಎಷ್ಟಿದೆ. ಮೇಣ ಜಾಸ್ತಿ ಇದ್ದದ್ದು ಒಣಬೇಸಾಯಕ್ಕೆ ಆಗಿಬರಬಹುದು, ಗುರುತು ಹಾಕಿಕೊಳ್ಳಿ. ಮಾಗಿದಾಗ: ಎತ್ತರ, ತೆನೆಯ ಆಕಾರ ಮತ್ತು ಒತ್ತು, ಮೀಸೆಯ ಉದ್ದ ಮತ್ತು ಬಣ್ಣ, ಹೊಟ್ಟಿನ ಮೇಲೆ ರೋಮ. ರೋಮವನ್ನು ಬೆಳಗಿನ ಎಳೆಬಿಸಿಲಿಗೆ ತೆನೆ ಅಡ್ಡ ಹಿಡಿದು ನೋಡಿ, ಮಧ್ಯಾಹ್ನ ಕಾಣುವುದೇ ಇಲ್ಲ.

ಸಾಲಿಗೆ ಐದು ಗಿಡ, ಎರಡೂ ತುದಿಯ ಗಿಡ ಬಿಟ್ಟು. ಎತ್ತರದಲ್ಲಿ ಮೀಸೆ ಸೇರಿಸಬೇಡಿ. ತೆನೆಯ ಕಾಳಿನ ಸಂಖ್ಯೆ, ಸಾವಿರ ಕಾಳಿನ ತೂಕ, ಇಳುವರಿ ಇವೆಲ್ಲ ಮಾಮೂಲು. ಸದಕದ ತೂಕ ಹೊಟ್ಟಿನ ಸಮೇತವೋ ಬಿಡಿಸಿದ ಮೇಲೋ ಎಂದು ಬರೆಯಲು ಮಾತ್ರ ಮರೆಯಬೇಡಿ.

ಕಾಳಿನ ಫಿನಾಲ್ ಪರೀಕ್ಷೆ ನನಗೆ ಇಷ್ಟ. ಕಾಳನ್ನು 16ರಿಂದ 20 ಗಂಟೆ ನೀರಲ್ಲಿ ನೆನೆಸಿ. ಶೇ. 1ರ ಫಿನಾಲ್ ದ್ರಾವಣದಲ್ಲಿ ಅದ್ದಿದ ಫಿಲ್ಟರ್ ಕಾಗದದ ಮೇಲೆ ಸೀಳು ಕೆಳಗಾಗುವಂತೆ ಜೋಡಿಸಿ, ಮುಚ್ಚಿಡಿ. ನಾಲ್ಕು ಗಂಟೆ ಕಳೆದು ತೆಗೆದರೆ ಪಕ್ಕಪಕ್ಕದ ಎರಡು ಲೈನ್, ಹೊರಗೆ ಒಂದೇ ಥರ ಇದ್ದವು, ಒಂದು ಹಾಗೇ ಬೆಳ್ಳಗೆ, ಇನ್ನೊಂದು ಇದ್ದಿಲಿನಂತೆ ಕಪ್ಪು. ಇದು ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವದ ಆಟ. ಕಲಸಿಟ್ಟ ಹಿಟ್ಟು ಕಪ್ಪಗಾಗುವುದಕ್ಕೂ ಇದೇ ಒಂದು ಮುಖ್ಯ ಕಾರಣ. ಶಾವಿಗೆಗೆ ತಳಿ ಮಾಡುವವರು ಈ ಒಂದು ಪರೀಕ್ಷೆಯನ್ನು ಬಿಡಲೇಬಾರದು. ಫಿನಾಲ್ ವಿಷ, ಚರ್ಮ ಸುಡುತ್ತದೆ. ಕೈಗವಸು ಇಲ್ಲದೆ, ಗಾಳಿಯಾಡದ ಕೋಣೆಯಲ್ಲಿ, ಅಡುಗೆಮನೆಯಲ್ಲಿ ಮಾಡಬೇಡಿ.

ತುಕ್ಕು ರೋಗಕ್ಕೆ ಎರಡು ಸಂಗತಿ ಬರೆಯಬೇಕು: ಎಲೆ ಅಥವಾ ಕಾಂಡದ ಎಷ್ಟು ಭಾಗ ಆವರಿಸಿದೆ, ಗುಳ್ಳೆ ಎಂಥದ್ದು. ಗುಳ್ಳೆಯ ಬಗೆಗೆ ಒಂದೊಂದು ಅಂಕ ಇದೆ: ನಿರೋಧಕಕ್ಕೆ 0.2, ಮಧ್ಯಮ ನಿರೋಧಕಕ್ಕೆ 0.4, ಮಧ್ಯಮ ತುತ್ತಾಗುವುದಕ್ಕೆ 0.8, ಪೂರ್ತಿ ತುತ್ತಾಗುವುದಕ್ಕೆ 1. ಶೇ. 40 ಆವರಿಸಿದ್ದು, ಗುಳ್ಳೆ ಮಧ್ಯಮ ತುತ್ತಾಗುವ ಬಗೆ ಎಂದರೆ 40 ಗುಣಿಸು 0.8, ಅಂದರೆ 32. ಪರೀಕ್ಷೆಗೆಂದು ರೋಗವನ್ನು ನೀವಾಗಿ ರೈತರ ಹೊಲಗಳ ನಡುವೆ ಹಚ್ಚಬೇಡಿ. ಆ ಕೆಲಸ ಸಂಶೋಧನಾ ಕೇಂದ್ರದೊಳಗೇ ಆಗಲಿ. ನೀಲಗಿರಿ, ಪಳನಿ ಬೆಟ್ಟಗಳಲ್ಲಿ ವರ್ಷಪೂರ್ತಿ ಬದುಕುವ ಕಾಂಡ ತುಕ್ಕು ಗಾಳಿಯಲ್ಲಿ ನಮ್ಮ ಬಯಲಿಗೆ ತಾನಾಗಿಯೇ ಬರುತ್ತದೆ, ನಾವು ಬೇರೆ ತರಬೇಕಾಗಿಲ್ಲ.

ಹಂತ 6: ಲೆಕ್ಕ

ಬಣ್ಣ, ಆಕಾರದಂಥ ಗುಣಗಳಿಗೆ ಶಾನನ್-ವೀವರ್ ಸೂಚ್ಯಂಕ ಸಾಕು, ವೈವಿಧ್ಯ ಎಷ್ಟಿದೆ ಎಂದು 0ಯಿಂದ 1ರೊಳಗೆ ಹೇಳುತ್ತದೆ. ಪ್ರತಿ ವರ್ಗದ ಪಾಲನ್ನು ಅದರ ಸಹಜ ಲಾಗರಿದಮ್‌ನಿಂದ ಗುಣಿಸಿ, ಕೂಡಿ, ಋಣ ಚಿಹ್ನೆ ತೆಗೆಯಿರಿ. ಆಮೇಲೆ ವರ್ಗಗಳ ಸಂಖ್ಯೆಯ ಲಾಗರಿದಮ್‌ನಿಂದ ಭಾಗಿಸಿ. 60 ಲೈನ್‌ಗಳಲ್ಲಿ 30 ಬಿಳಿ ತೆನೆ, 20 ಕೆಂಪು, 10 ಕಪ್ಪು ಎಂದುಕೊಳ್ಳಿ. ಕೂಡಿದರೆ 1.01, ಮೂರರ ಲಾಗರಿದಮ್ 1.10, ಭಾಗಿಸಿದರೆ 0.92. ಅದೇ 58 ಬಿಳಿ, ಒಂದು ಕೆಂಪು, ಒಂದು ಕಪ್ಪು ಆಗಿದ್ದರೆ ಬರುವುದು 0.15 ಅಷ್ಟೇ. ಆದರೆ ನೋಡಿ, ಸೂಚ್ಯಂಕ ಕಡಿಮೆ ಬಂತು ಅಂತ ಆ ಒಂದೇ ಒಂದು ಕಪ್ಪು ತೆನೆಯನ್ನು ಬಿಟ್ಟುಬಿಡುವವರಿದ್ದಾರೆ. ತಳಿ ಮಾಡುವವರಿಗೆ ಬೇಕಾದದ್ದು ಅದೇ ಇರಬಹುದು.

ಅಳತೆಯ ಗುಣಗಳಿಗೆ ಎಷ್ಟು ವ್ಯತ್ಯಾಸ ವಂಶದ್ದು, ಎಷ್ಟು ಹೊಲದ್ದು ಎಂದು ಬೇರ್ಪಡಿಸಬೇಕು. ಲೆಕ್ಕಕ್ಕೆಂದು ಒಂದು ಉದಾಹರಣೆ: ಸಾವಿರ ಕಾಳಿನ ತೂಕದಲ್ಲಿ ಒಟ್ಟು ವ್ಯತ್ಯಾಸಾಂಕ 16, ಅದರಲ್ಲಿ ವಂಶದ್ದು 12. ಆನುವಂಶಿಕತೆ 0.75. ಮೇಲಿನ ಶೇ. 5 ಲೈನ್ ಆರಿಸಿದರೆ ಮುಂದಿನ ಪೀಳಿಗೆಯಲ್ಲಿ ನಿರೀಕ್ಷಿಸಬಹುದಾದ ಏರಿಕೆ 2.06 ಗುಣಿಸು 0.75 ಗುಣಿಸು 4, ಅಂದರೆ 6.18 ಗ್ರಾಂ. (2.06 ಎಂಬುದು ಶೇ. 5ರ ಆಯ್ಕೆಗೆ ಬಳಸುವ ಸ್ಥಿರಾಂಕ, 4 ಎಂಬುದು 16ರ ವರ್ಗಮೂಲ.) ಒಂದೇ ಊರು, ಒಂದೇ ವರ್ಷದ ಲೆಕ್ಕ ಯಾವಾಗಲೂ ಉಬ್ಬಿರುತ್ತದೆ. ಎರಡು ವರ್ಷವಾದರೂ ನೋಡಿ.

ಗುಂಪು ಮಾಡಲು ಆರ್ ಎಂಬ ಉಚಿತ ತಂತ್ರಾಂಶ ಇದೆ. ಎಲ್ಲ ಗುಣಗಳನ್ನೂ ಒಂದೇ ಮಾಪನಕ್ಕೆ ತಂದು ಆಮೇಲೆ ಒಂದು ಲೈನ್ ಇನ್ನೊಂದರಿಂದ ಎಷ್ಟು ಬೇರೆ ಎಂಬ ‘ದೂರ’ ಲೆಕ್ಕ ಹಾಕಿ. ಇಲ್ಲದಿದ್ದರೆ ಸೆಂಟಿಮೀಟರಿನ ಎತ್ತರ ಒಂದೇ ಉಳಿದೆಲ್ಲವನ್ನೂ ನುಂಗಿಬಿಡುತ್ತದೆ.

ಹಂತ 7: ಡಿಎನ್ಎ

ಪ್ರಯೋಗಾಲಯದ ಜೊತೆ ಸಿಕ್ಕರೆ ಮಾಡಿ. ಎಲ್ಲಕ್ಕೂ ಬೇಡ, ಹೊಲದಲ್ಲಿ ಸೋಸಿದ 40-50 ಲೈನ್‌ಗಳಿಗೆ. ಎಳೆಯ ಎಲೆಯನ್ನು ಒಂದೇ ಗಿಡದಿಂದ ತೆಗೆಯಿರಿ, ಐದು ಗಿಡದ್ದು ಬೆರೆಸಬೇಡಿ. ಎಸ್‌ಎಸ್‌ಆರ್ ಮಾರ್ಕರ್, ಅಂದರೆ ಡಿಎನ್ಎಯ ನಿಗದಿತ ಜಾಗ ತೋರಿಸುವ ಗುರುತು ಬಳಸುವುದಾದರೆ ಒಂದು ಎಚ್ಚರ: ಪಟ್ಟಿಗಳನ್ನು ಹೆಚ್ಚಾಗಿ ಚಪಾತಿ ಗೋಧಿಗೆ ಮಾಡಿರುತ್ತಾರೆ. ಅದರಲ್ಲಿ ಡಿ ಗುಂಪಿನ ಮಾರ್ಕರ್‌ಗಳೂ ಇರುತ್ತವೆ. ಸದಕಕ್ಕೆ, ಡುರಮ್‌ಗೆ ಡಿ ಇಲ್ಲವೇ ಇಲ್ಲ. ಬ್ಯಾಂಡ್ (ಫಲಿತಾಂಶದಲ್ಲಿ ಕಾಣುವ ಗೆರೆ) ಬರದಿದ್ದಾಗ ಪ್ರಯೋಗ ಕೆಟ್ಟಿತು ಅಂತ ವಾರಗಟ್ಟಲೆ ಒದ್ದಾಡಬೇಡಿ, ಮಾರ್ಕರ್ ಯಾವ ವರ್ಣತಂತುವಿನದು ನೋಡಿ. ಬದಲಿಗೆ ಡಿ ಮಾರ್ಕರ್‌ಗೆ ‘ಸದಕ’ದಲ್ಲಿ ಸ್ಪಷ್ಟ ಬ್ಯಾಂಡ್ ಬಂದರೆ ಅನುಮಾನ ಪಡಿ. ಚೀಲದಲ್ಲಿ ಚಪಾತಿ ಗೋಧಿ ನುಸುಳಿರಬಹುದು.

ಹೊರರೂಪದ ಗುಂಪೂ ಡಿಎನ್ಎ ಗುಂಪೂ ತಾಳೆಯಾಗದಿದ್ದರೆ ಗಾಬರಿ ಬೇಡ. ತೆನೆಯ ಬಣ್ಣ ಬದಲಾಗಲು ಒಂದು ಜೀನ್ ಸಾಕು. ಡಿಎನ್ಎ ಗುಂಪು ಇಡೀ ವಂಶವೃಕ್ಷ ಹೇಳುತ್ತದೆ. ಹೆಸರು ಬೇರೆ, ಊರು ಬೇರೆ, ಡಿಎನ್ಎ ಒಂದೇ ಎಂದಾದರೆ ಅದರಲ್ಲಿ ಒಂದನ್ನು ಮಾತ್ರ ಮುಂದಕ್ಕೆ ಒಯ್ಯಿರಿ.

ಹಂತ 8: ಜೋಡಿ ಆರಿಸುವುದು

ಎಲ್ಲಕ್ಕೂ ಕ್ರಾಸ್ ಬೇಕಿಲ್ಲ. ಆಲ್ಬರ್ಟ್ ಮತ್ತು ಗ್ಯಾಬ್ರಿಯೆಲ್ ಹೊವಾರ್ಡ್ ದಂಪತಿ 1905ರ ಬಳಿಕ ಬಿಹಾರದ ಪುಸಾದಲ್ಲಿ ಶುರು ಮಾಡಿದ್ದು ನಾಡ ಗೋಧಿಯೊಳಗಿನ ಒಳ್ಳೆಯ ಲೈನ್ ಆರಿಸುವ ಕೆಲಸವನ್ನೇ. ನಿಮ್ಮ ಒಂದು ಲೈನ್ ಹೋಲಿಕೆ ತಳಿಯನ್ನು ಎರಡು ವರ್ಷ ಮೀರಿಸಿದರೆ ಅದೇ ಒಂದು ತಳಿ.

ಕ್ರಾಸ್ ಮಾಡುವುದಾದರೆ ಸದಕ ಮತ್ತು ಡುರಮ್ ಎರಡಕ್ಕೂ 28 ವರ್ಣತಂತು ಇರುವುದರಿಂದ ಮೊದಲ ಪೀಳಿಗೆ ಸಾಮಾನ್ಯವಾಗಿ ಕಾಳು ಕಟ್ಟುತ್ತದೆ. ಸದಕ ಮತ್ತು ಚಪಾತಿ ಗೋಧಿಯ ಮಗುವಿಗೆ 35. ಡಿ ಗುಂಪಿನ ಏಳಕ್ಕೆ ಜೋಡಿ ಸಿಗದೆ ಕಾಳು ಕಡಿಮೆ. ಅಸಾಧ್ಯವಲ್ಲ, ಅಮೆರಿಕದ ಮೆಕ್‌ಫ್ಯಾಡನ್ ಯಾರೋಸ್ಲಾವ್ ಎಂಬ ಎಮ್ಮರ್, ಅಂದರೆ ನಮ್ಮ ಸದಕದ ಜಾತಿಯ ಗೋಧಿಯಿಂದ ಎಸ್ಆರ್2 ಜೀನನ್ನು ಬ್ರೆಡ್ ಗೋಧಿಗೆ ದಾಟಿಸಿ ‘ಹೋಪ್’ ತಳಿ ಮಾಡಿದ್ದು ಈ ದಾರಿಯಲ್ಲೇ.

ಇನ್ನೊಂದು ಗುಂಡಿ ಇದೆ, ಹೈಬ್ರಿಡ್ ನೆಕ್ರೋಸಿಸ್. ಒಂದು ಗಿಡದಲ್ಲಿ ಎನ್ಇ1, ಇನ್ನೊಂದರಲ್ಲಿ ಎನ್ಇ2 ಜೀನ್ ಇದ್ದು ಎರಡೂ ಮಗುವಿನಲ್ಲಿ ಸೇರಿದರೆ ಎಲೆ ತುದಿಯಿಂದ ಒಣಗುತ್ತಾ ಬಂದು, ಜೋರಾಗಿದ್ದರೆ ತೆನೆ ಹಾಯುವ ಮುಂಚೆಯೇ ಗಿಡ ಸಾಯುತ್ತದೆ. ನೀರು ಕಡಿಮೆ ಆಯ್ತೇನೋ ಎಂದು ನೀರು ಬಿಟ್ಟು ಪ್ರಯೋಜನವಿಲ್ಲ. ಅದಕ್ಕೇ ದೊಡ್ಡ ಯೋಜನೆಗೆ ಮುಂಚೆ ಪ್ರತಿ ಜೋಡಿಯ ನಾಲ್ಕೈದು ಕಾಳು ಮಾತ್ರ ಮಾಡಿ, ಕುಂಡದಲ್ಲಿ ಬೆಳೆಸಿ ನೋಡಿ.

ಕೈಕೆಲಸ ಹೀಗೆ. ತೆನೆ ಎಲೆಕವಚದಿಂದ ಆಗಷ್ಟೇ ಹೊರಬಂದಿರಬೇಕು, ಒಳಗಿನ ಪರಾಗಕೋಶ ಇನ್ನೂ ಹಸಿರಿರಬೇಕು. ಹಳದಿಯಾಗಿದ್ದರೆ ಆ ತೆನೆ ಬಿಡಿ. ಮೇಲಿನ, ಕೆಳಗಿನ ಸಣ್ಣ ತುಂಡುಗಳನ್ನೂ ಪ್ರತಿ ತುಂಡಿನ ನಡುವಿನ ಹೂಗಳನ್ನೂ ತೆಗೆದುಹಾಕಿ. ಉಳಿದ ಹೂಗಳ ತುದಿ ಕತ್ತರಿಸಿ, ಚಿಮಟದಿಂದ ಮೂರೂ ಪರಾಗಕೋಶ ಎತ್ತಿ. ಎರಡು ಸಿಕ್ಕು ಮೂರನೆಯದು ಒಳಗೇ ಉಳಿಯುವುದು ಸಾಮಾನ್ಯ, ಎಣಿಸಿ. ಬಟರ್ ಪೇಪರ್ ಚೀಲ ಮುಚ್ಚಿ. ಎರಡು-ಮೂರು ದಿನಕ್ಕೆ ಒಳಗಿನ ಶಲಾಕಾಗ್ರ ಗರಿಯಂತೆ ಬಿಚ್ಚಿಕೊಂಡಾಗ ತಂದೆ ಗಿಡದ ಪರಾಗ ಉದುರಿಸಿ ಮತ್ತೆ ಮುಚ್ಚಿ. ಚೀಟಿ ಪೆನ್ಸಿಲ್‌ನಲ್ಲೇ.

ಹಂತ 9: ಅಡುಗೆ ಪರೀಕ್ಷೆ

ಎಲ್ಲ ಲೈನ್‌ಗಳ ಒಂದು ಪಾಲನ್ನು ಚೆನ್ನಾಗಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಇನ್ನೊಂದು ಪಾಲನ್ನು ದೆಹಲಿಯಲ್ಲಿರುವ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆಯ ಬೀಜ ಬ್ಯಾಂಕಿಗೆ ಕೊಡುವುದು ಒಳ್ಳೆಯದು. ಮೂರನೇ ಪಾಲು ಬೀಜ ಕೊಟ್ಟ ಮನೆಗೆ. ಅದನ್ನು ಒಯ್ಯುವಾಗ ಆರಿಸಿದ ಏಳೆಂಟು ಲೈನ್‌ಗಳ ಒಂದೊಂದು ಸೇರು ಬೇರೆ ಬೇರೆ ಕಟ್ಟಿಕೊಂಡು ಹೋಗಿ. ಗುರುತಿಗೆ ಸಂಖ್ಯೆ ಮಾತ್ರ ಇರಲಿ. ಯಾವುದು ಒಳ್ಳೆಯದೆಂದು ನೀವು ಬಾಯಿ ಬಿಡಬೇಡಿ.

ನಾವು ಹೀಗೆ ಮಾಡಿದಾಗ ತುಕ್ಕು ರೋಗ ತಡೆಯುವುದರಲ್ಲಿ ಮೊದಲ ಸ್ಥಾನದಲ್ಲಿದ್ದ ಲೈನಿನ ಹುಗ್ಗಿ ತಿಂದು ಒಬ್ಬ ಅಜ್ಜಿ ಹೇಳಿದ್ದು, ‘ಕಾಳು ಒಡದು ಗಂಜಿ ಆಗೇತಿ, ಇದ ಬ್ಯಾಡ.’ ಅವರಿಗೆ ಹಿಡಿಸಿದ್ದು ಎಂಟರಲ್ಲಿ ಐದನೆಯದು, ನಮ್ಮ ಪಟ್ಟಿಯಲ್ಲಿ ಇಳುವರಿಗೆ ನಡುವೆ ಎಲ್ಲೋ ಇದ್ದದ್ದು. ಅದರ ಪ್ರಕಾರ ಯೋಜನೆ ತಿದ್ದಿದೆವು. ತುಕ್ಕು ತಡೆಯುವ ಲೈನ್ ಒಂದೇ ಸಲ ತಂದೆಯಾಗಿ ಬಂತು. ಮುಂದಿನ ಪೀಳಿಗೆಗಳನ್ನೆಲ್ಲ ಮತ್ತೆ ಮತ್ತೆ ಅಜ್ಜಿಯ ಐದನೇ ನಂಬರಿಗೇ ಕ್ರಾಸ್ ಮಾಡುತ್ತಿದ್ದೇವೆ. ನೋಟ್‌ಬುಕ್ಕಿನಲ್ಲಿ ಸಾವಿರ ಕಾಳಿನ ತೂಕದ ಪಕ್ಕ ಈಗ ಇನ್ನೊಂದು ಕಾಲಂ ಇದೆ: ‘ಹುಗ್ಗಿ’.